ಕಟ್ಟಡ ಗುತ್ತಿಗೆಯಲ್ಲಿ ಪರ್ಫಾರ್ಮೆನ್ಸ್ ಗ್ಯಾರಂಟಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಗುತ್ತಿಗೆಯ ಕಾಗದಪತ್ರ ನೋಡುವವರ ಹತ್ತಿರ ಈ ವಿಷಯ ಕೇಳಿಕೊಂಡು ಎಲ್ಲ ಥರದವರೂ ಬರುತ್ತಾರೆ. ಮೊದಲ ಸಲ ದೊಡ್ಡ ಟೆಂಡರ್ ಸಿಕ್ಕ ಕಂಟ್ರಾಕ್ಟರ್, ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ, ಈಗಷ್ಟೇ ಕೆಲಸಕ್ಕೆ ಸೇರಿದ ಇಂಜಿನಿಯರ್, ಸೈಟಿನಲ್ಲಿ ಮನೆ ಕಟ್ಟಿಸುತ್ತಿರುವವರು. ಪ್ರಶ್ನೆಗಳು ಬೇರೆ ಬೇರೆ, ಆದರೆ ತಪ್ಪು ತಿಳಿವಳಿಕೆ ಮಾತ್ರ ಒಂದೇ. ಗ್ಯಾರಂಟಿ ಇದ್ದರೆ ಕೆಲಸ ಮುಗಿದೇ ಮುಗಿಯುತ್ತದೆ ಅಂದುಕೊಂಡಿರುತ್ತಾರೆ. ಅದು ಕೆಲಸ ಮುಗಿಸಿಕೊಡುವುದಿಲ್ಲ. ಒಂದು ಗೊತ್ತಾದ ಮೊತ್ತ ಬೇಗ ಕೈಗೆ ಸಿಗುವ ಹಾಗೆ ಮಾಡುತ್ತದೆ. ಅದೂ ಕಾಗದದ ಒಕ್ಕಣೆ ಸರಿಯಾಗಿದ್ದರೆ, ತಾರೀಖು ಮೀರದಿದ್ದರೆ.

ಪರ್ಫಾರ್ಮೆನ್ಸ್ ಬಾಂಡ್ ಅಂದರೆ ಏನು? ಯಾರು ಯಾರಿಗೆ ಕೊಡುತ್ತಾರೆ?

ಇದರಲ್ಲಿ ಮೂರು ಜನ ಇರುತ್ತಾರೆ. ಕೆಲಸ ಮಾಡಿಸುವವರು, ಕೆಲಸ ಮಾಡುವ ಕಂಟ್ರಾಕ್ಟರ್, ಇವರಿಬ್ಬರ ನಡುವೆ ಹೊಣೆ ನಿಲ್ಲುವವರು. ಕಂಟ್ರಾಕ್ಟರ್ ಒಪ್ಪಂದದಂತೆ ನಡೆದುಕೊಳ್ಳದಿದ್ದರೆ ಇಷ್ಟು ರೂಪಾಯಿವರೆಗೆ ನಾವು ಕೊಡುತ್ತೇವೆ ಎಂದು ಹೊಣೆ ನಿಂತವರು ಬರೆದುಕೊಡುತ್ತಾರೆ. ನಮ್ಮಲ್ಲಿ ಹೊಣೆ ನಿಲ್ಲುವುದು ಬಹುತೇಕ ಬ್ಯಾಂಕ್. ಅದಕ್ಕೇ ಆಫೀಸುಗಳಲ್ಲಿ ಯಾರೂ ಬಾಂಡ್ ಅನ್ನುವುದಿಲ್ಲ, ‘ಬಿಜಿ ತಂದ್ರಾ?’ ಅಂತಲೇ ಕೇಳುತ್ತಾರೆ. ಬಿಜಿ ಅಂದರೆ ಬ್ಯಾಂಕ್ ಗ್ಯಾರಂಟಿ. ಹೀಗೆ ಹೊಣೆ ನಿಲ್ಲುವುದಕ್ಕೆ 1872ರ ಭಾರತೀಯ ಒಪ್ಪಂದ ಕಾಯ್ದೆಯ 126ನೇ ಕಲಮೇ ಆಧಾರ.

ಬ್ಯಾಂಕ್ ಕೊಟ್ಟ ದುಡ್ಡು ಬ್ಯಾಂಕಿನದ್ದೇ ನಷ್ಟವಾಗಿ ಉಳಿಯುವುದಿಲ್ಲ. ಕಂಟ್ರಾಕ್ಟರ್ ಹತ್ತಿರ ಮೊದಲೇ ಕೌಂಟರ್ ಗ್ಯಾರಂಟಿ ಬರೆಸಿಕೊಂಡಿರುತ್ತಾರೆ. ಕೊಟ್ಟದ್ದನ್ನು ಅವರಿಂದ ಪೂರ್ತಿ ವಸೂಲಿ ಮಾಡುತ್ತಾರೆ.

ಇಎಂಡಿ, ಪರ್ಫಾರ್ಮೆನ್ಸ್ ಸೆಕ್ಯುರಿಟಿ, ಎಫ್‌ಎಸ್‌ಡಿ, ಅಡ್ವಾನ್ಸ್ ಬಿಜಿ... ಎಲ್ಲಾ ಒಂದೇನಾ?

ಅಲ್ಲ. ಒಂದೊಂದು ಒಂದೊಂದು ಹಂತದ್ದು. ಟೆಂಡರ್ ಹಾಕುವಾಗ ಕಟ್ಟುವ ಠೇವಣಿ ಇಎಂಡಿ (ಅರ್ನೆಸ್ಟ್ ಮನಿ ಡೆಪಾಸಿಟ್). ಗೆದ್ದ ಮೇಲೆ ಹಿಂದೆ ಸರಿಯಬಾರದು ಅಂತ. ಒಪ್ಪಿಗೆ ಪತ್ರ ಬಂದ ಮೇಲೆ, ಅಗ್ರಿಮೆಂಟ್ ಮಾಡುವ ಮುಂಚೆ ಕೊಡುವುದು ಪರ್ಫಾರ್ಮೆನ್ಸ್ ಸೆಕ್ಯುರಿಟಿ, ಮೇಲೆ ಹೇಳಿದ ಬಿಜಿ ಇದಕ್ಕೇ. ಕೆಲಸ ನಡೆಯುವಾಗ ರನ್ನಿಂಗ್ ಬಿಲ್ಲುಗಳಲ್ಲಿ ಇಷ್ಟಿಷ್ಟು ಹಿಡಿದಿಟ್ಟುಕೊಳ್ಳುವುದು ಎಫ್‌ಎಸ್‌ಡಿ (ಫರ್ದರ್ ಸೆಕ್ಯುರಿಟಿ ಡೆಪಾಸಿಟ್), ಖಾಸಗಿಯವರು ರಿಟೆನ್ಷನ್ ಅನ್ನುತ್ತಾರೆ. ಕೆಲಸ ಶುರು ಮಾಡಲು ಮುಂಗಡ ಕೊಟ್ಟರೆ ಅದಕ್ಕೆ ಬೇರೆಯದೇ ಬಿಜಿ. ಮುಂಗಡಕ್ಕಿಂತ ಸ್ವಲ್ಪ ಜಾಸ್ತಿ ಮೊತ್ತಕ್ಕೆ, ಅಂದರೆ ಶೇ 110ಕ್ಕೆ ಆ ಬಿಜಿ ತೆಗೆದುಕೊಳ್ಳಿ ಎಂದು ಕೇಂದ್ರ ಜಾಗೃತ ಆಯೋಗ ಹೇಳಿದೆ.

ಇಎಂಡಿಗೆ ವಿನಾಯಿತಿ ಸಿಕ್ಕಿತು ಅಂತ ಪರ್ಫಾರ್ಮೆನ್ಸ್ ಸೆಕ್ಯುರಿಟಿಗೂ ಸಿಗುತ್ತದೆ ಅಂದುಕೊಳ್ಳಬೇಡಿ. ಸಣ್ಣ ಉದ್ಯಮದ ಸರ್ಟಿಫಿಕೇಟ್ ಹಿಡಿದು ಬರುವವರು ಎಡವುವುದು ಇಲ್ಲೇ.

ಎಷ್ಟು ಪರ್ಸೆಂಟ್ ಕೊಡಬೇಕು?

ಟೆಂಡರ್ ದಾಖಲೆಯಲ್ಲಿ ಎಷ್ಟು ಬರೆದಿದೆಯೋ ಅಷ್ಟು. ರಾಜ್ಯ ಸರ್ಕಾರದ ಕೆಲಸಗಳು 1999ರ ಪಾರದರ್ಶಕತೆ ಕಾಯ್ದೆ, ಜನ ಕೆಟಿಪಿಪಿ ಅನ್ನುವುದು, ಅದರ ಅಡಿಯಲ್ಲಿ ನಡೆಯುತ್ತವೆ. ಅಲ್ಲಿ ಸಾಮಾನ್ಯವಾಗಿ ಶೇ 5. ಕೇಂದ್ರದ 2017ರ ಹಣಕಾಸು ನಿಯಮಗಳು ಬಂದಾಗ 171ನೇ ನಿಯಮದಲ್ಲಿ ಶೇ 5ರಿಂದ 10 ಎಂದಿತ್ತು. ಕೋವಿಡ್ ಕಾಲದಲ್ಲಿ ಕಂಟ್ರಾಕ್ಟರ್‌ಗಳ ಕೈ ಕಟ್ಟಿಹೋಗಿದೆ ಅಂತ 2020ರ ನವೆಂಬರ್‌ನಲ್ಲಿ ಅದನ್ನು ತಾತ್ಕಾಲಿಕವಾಗಿ ಶೇ 3ಕ್ಕೆ ಇಳಿಸಿದ್ದರು. ಖಾಸಗಿ ಕೆಲಸದಲ್ಲಿ ಶೇ 5ರಿಂದ 10 ಕೇಳುವುದು ರೂಢಿ.

ಇದರ ಜೊತೆ ಇನ್ನೊಂದು ಇದೆ. ಅಂದಾಜಿಗಿಂತ ತೀರಾ ಕಡಿಮೆ ದರ ಹಾಕಿ ಟೆಂಡರ್ ಹಿಡಿದರೆ ಹೆಚ್ಚುವರಿ ಭದ್ರತೆ ಕೇಳುವ ಷರತ್ತು ಹಲವು ಟೆಂಡರ್‌ಗಳಲ್ಲಿರುತ್ತದೆ. ದರ ಹಾಕುವ ಮುಂಚೆಯೇ ಆ ಪುಟ ಓದಿ. ಗೆದ್ದ ಮೇಲೆ ಓದಿದರೆ ಬರುವ ಲಾಭವೆಲ್ಲ ಬ್ಯಾಂಕಿನ ಮಾರ್ಜಿನ್ನಿಗೇ, ಅಂದರೆ ಬಿಜಿಗಾಗಿ ಬ್ಯಾಂಕಿನಲ್ಲಿ ಇಡಬೇಕಾದ ದುಡ್ಡಿಗೇ ಹೋಗಿರುತ್ತದೆ.

ಬ್ಯಾಂಕ್ ಬಿಜಿ ಸುಮ್ನೆ ಕೊಡುತ್ತಾ? ಖರ್ಚು ಎಷ್ಟು ಬೀಳುತ್ತದೆ?

ಸುಮ್ನೆ ಕೊಡುವುದಿಲ್ಲ. ಒಂದು ಲೆಕ್ಕ ಹಾಕೋಣ. 2 ಕೋಟಿ ರೂಪಾಯಿ ಕೆಲಸ, ಶೇ 5 ಅಂದರೆ 10 ಲಕ್ಷದ ಬಿಜಿ. ಬ್ಯಾಂಕ್ ಶೇ 25 ಮಾರ್ಜಿನ್ ಕೇಳಿತು ಅನ್ನಿ, ಎರಡೂವರೆ ಲಕ್ಷ ಎಫ್‌ಡಿ ಇಡಬೇಕು. ಉಳಿದ ಏಳೂವರೆ ಲಕ್ಷಕ್ಕೆ ನಿಮ್ಮ ಬಿಜಿ ಲಿಮಿಟ್ (ಎಷ್ಟು ಮೊತ್ತದವರೆಗೆ ಬಿಜಿ ಕೊಡುತ್ತೇವೆ ಎಂದು ಬ್ಯಾಂಕ್ ಗೊತ್ತುಮಾಡಿದ ಮಿತಿ) ಇರಬೇಕು, ಇಲ್ಲವೇ ಆಸ್ತಿ ಅಡ ಇಡಬೇಕು. ಬ್ಯಾಂಕಿಗೆ ಹೊಸಬರಾದರೆ ಶೇ 100 ಮಾರ್ಜಿನ್ ಕೇಳಿದರೂ ಆಶ್ಚರ್ಯವಿಲ್ಲ.

ಕಮಿಷನ್ ವರ್ಷಕ್ಕೆ ಶೇ 2 ಅಂದುಕೊಂಡರೆ 20,000 ರೂಪಾಯಿ. ಅದರ ಮೇಲೆ ಶೇ 18 ಜಿಎಸ್‌ಟಿ, 3,600. ಒಟ್ಟು ವರ್ಷಕ್ಕೆ 23,600. ಕೆಲಸ 18 ತಿಂಗಳು, ಡಿಎಲ್‌ಪಿ (ಕೆಲಸ ಮುಗಿದ ಮೇಲೆ ಕಂಡ ದೋಷವನ್ನು ಕಂಟ್ರಾಕ್ಟರ್ ಸರಿಪಡಿಸಬೇಕಾದ ಅವಧಿ) 12 ತಿಂಗಳು, ಮೇಲೆ 60 ದಿನ. ಒಟ್ಟು 32 ತಿಂಗಳಿಗೆ ಸುಮಾರು 63,000 ಆಯಿತು. ಸ್ಟಾಂಪ್ ಡ್ಯೂಟಿ ಬೇರೆ.

ಮೊತ್ತ ನೋಡಿ ಇಷ್ಟೇನಾ ಅನ್ನಿಸಬಹುದು. ಕಂಟ್ರಾಕ್ಟರ್‌ಗೆ ಹೊಡೆತ ಬೀಳುವುದು ಕಮಿಷನ್‌ನಿಂದ ಅಲ್ಲ, ಸಿಕ್ಕಿಕೊಂಡ ಲಿಮಿಟ್‌ನಿಂದ. ನಾಲ್ಕು ಕೆಲಸದ ಬಿಜಿ ವಾಪಸ್ ಬರದೆ ಕೂತರೆ ಐದನೇ ಟೆಂಡರ್‌ಗೆ ಬ್ಯಾಂಕ್ ಹೊಸ ಬಿಜಿ ಕೊಡುವುದಿಲ್ಲ.

ಬಿಜಿ ಬದಲು ಎಫ್‌ಡಿ ಕೊಡಬಹುದಾ?

ಟೆಂಡರ್‌ನಲ್ಲಿ ಅವಕಾಶ ಇದ್ದರೆ ಧಾರಾಳವಾಗಿ. ಸಣ್ಣ ಕೆಲಸಕ್ಕೆ ಅದೇ ಸಲೀಸು. ಎಫ್‌ಡಿ ಮಾಡಿಸಿ, ಕಾರ್ಯಪಾಲಕ ಇಂಜಿನಿಯರ್ ಹೆಸರಿಗೆ ಪ್ಲೆಡ್ಜ್ ಮಾಡಿಸಿ, ರಸೀದಿ ಕೊಡುತ್ತೀರಿ. ಕಮಿಷನ್ ಇಲ್ಲ, ಬಡ್ಡಿ ನಿಮಗೇ. ದುಡ್ಡು ಕೂತುಬಿಡುತ್ತದೆ, ಅದೊಂದೇ ತೊಂದರೆ.

ಬಿಜಿಯ ಒಕ್ಕಣೆಯಲ್ಲಿ ಏನು ನೋಡಬೇಕು?

ಇದಕ್ಕೆ ಸ್ವಲ್ಪ ನಿಧಾನವಾಗಿ ಉತ್ತರ ಹೇಳಬೇಕು. ಎರಡು ಒಕ್ಕಣೆ ಪಕ್ಕಪಕ್ಕ ಇಟ್ಟು ಓದಿ.

ಒಂದು: ‘ಕಂಟ್ರಾಕ್ಟರ್ ಒಪ್ಪಂದ ಮುರಿದಿದ್ದಾರೆ ಎಂದು ನೀವು ಬರವಣಿಗೆಯಲ್ಲಿ ತಿಳಿಸಿ ಕೇಳಿದ ತಕ್ಷಣ, ಯಾವ ತಕರಾರೂ ಇಲ್ಲದೆ, ಕಂಟ್ರಾಕ್ಟರ್ ಏನೇ ಆಕ್ಷೇಪ ಎತ್ತಿದರೂ, ರೂ. 10,00,000 ಮೀರದಂತೆ ಪಾವತಿಸುತ್ತೇವೆ.’

ಇನ್ನೊಂದು: ‘ಕಂಟ್ರಾಕ್ಟರ್‌ನ ತಪ್ಪಿನಿಂದ ನಿಮಗೆ ಆದ ನಷ್ಟ ಸಾಬೀತಾದಲ್ಲಿ, ರೂ. 10,00,000 ಮೀರದಂತೆ ಭರಿಸುತ್ತೇವೆ.’

ಮೊತ್ತ ಎರಡರಲ್ಲೂ ಒಂದೇ. ಮೊದಲನೆಯದರಲ್ಲಿ ಪತ್ರ ಕೊಟ್ಟರೆ ದುಡ್ಡು. ಎರಡನೆಯದರಲ್ಲಿ ‘ಸಾಬೀತು’ ಅನ್ನುವ ಒಂದು ಮಾತಿಗಾಗಿ ವರ್ಷಗಟ್ಟಲೆ ಕೋರ್ಟೋ ಮಧ್ಯಸ್ಥಿಕೆಯೋ ಅಂತ ಓಡಾಡಬೇಕು. ಕೆಲಸ ಮಾಡಿಸುವವರು ಮೊದಲನೆಯದನ್ನೇ ಕೇಳಬೇಕು. ಕಂಟ್ರಾಕ್ಟರ್‌ಗೆ ಎರಡನೆಯದು ಒಳ್ಳೆಯದು, ಆದರೆ ಸರ್ಕಾರಿ ಟೆಂಡರ್‌ನಲ್ಲಿ ಮಾದರಿ ಮೊದಲೇ ಅಚ್ಚಾಗಿರುತ್ತದೆ. ಒಂದಕ್ಷರ ಬದಲಿಸಿದರೂ ತಿರಸ್ಕರಿಸುತ್ತಾರೆ.

ಇನ್ನೂ ಒಂದು ಸಾಲು ಹುಡುಕಿ. ಕೆಲಸದ ಷರತ್ತು, ಮೊತ್ತ, ಅವಧಿ ಬದಲಾದರೂ ಬ್ಯಾಂಕಿನ ಹೊಣೆ ಹೋಗುವುದಿಲ್ಲ ಅನ್ನುವ ಸಾಲು. ಯಾಕೆಂದರೆ ಒಪ್ಪಂದ ಕಾಯ್ದೆಯ 133ನೇ ಕಲಂ ಪ್ರಕಾರ, ಜಾಮೀನುದಾರರ ಒಪ್ಪಿಗೆ ಇಲ್ಲದೆ ಮೂಲ ಒಪ್ಪಂದ ಬದಲಿಸಿದರೆ ಆಮೇಲಿನ ವ್ಯವಹಾರಕ್ಕೆ ಅವರು ಹೊಣೆಯಲ್ಲ. ಕಟ್ಟಡದ ಕೆಲಸದಲ್ಲಿ ಡ್ರಾಯಿಂಗ್ ಬದಲಾಗದೆ ಇರುತ್ತದಾ? ತಳಪಾಯ ತೋಡುವಾಗ ಬಂಡೆ ಸಿಕ್ಕಿತು, ಹೆಚ್ಚುವರಿ ಐಟಂ ಬಂತು, ಆರು ತಿಂಗಳು ತಡವಾಯಿತು. ಆ ಸಾಲು ಇಲ್ಲದಿದ್ದರೆ ಪ್ರತಿ ಬದಲಾವಣೆಯೂ ಬ್ಯಾಂಕಿಗೆ ಒಂದು ನೆಪ.

ಆಮೇಲೆ ಬೀಡಿ ಅಂಗಡಿ ಲೆಕ್ಕದಷ್ಟು ಸಣ್ಣ ವಿಷಯ ಅನ್ನಿಸಿದರೂ, ಯಾರು ಕೇಳಬೇಕು ಅನ್ನುವುದನ್ನು ನೋಡಿ. ಹಿಂದೂಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿ ಮತ್ತು ಬಿಹಾರ ಸರ್ಕಾರದ ನಡುವಿನ ಮೊಕದ್ದಮೆಯಲ್ಲಿ 1999ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹಿಡಿಯಿತು. ಗ್ಯಾರಂಟಿ ಪ್ರಕಾರ ಕೇಳಬೇಕಾದವರು ಮುಖ್ಯ ಇಂಜಿನಿಯರ್. ಕೇಳಿದ್ದು ಕಾರ್ಯಪಾಲಕ ಇಂಜಿನಿಯರ್. ಕೇಳಿದ ರೀತಿಯೇ ತಪ್ಪು ಎಂದಿತು ಕೋರ್ಟ್.

ವ್ಯಾಲಿಡಿಟಿ ಬೇರೆ, ಕ್ಲೇಮ್ ಪೀರಿಯಡ್ ಬೇರೆ ಅಂತಾರೆ. ಏನು ವ್ಯತ್ಯಾಸ?

ವ್ಯಾಲಿಡಿಟಿ ಅಂದರೆ ಯಾವ ತಾರೀಖಿನವರೆಗೆ ಆದ ತಪ್ಪಿಗೆ ಬ್ಯಾಂಕ್ ಹೊಣೆ ಅನ್ನುವುದು. ಕ್ಲೇಮ್ ಪೀರಿಯಡ್ ಅಂದರೆ ಆ ತಪ್ಪಿಗೆ ದುಡ್ಡು ಕೇಳಿ ಪತ್ರ ಕೊಡಲು ಇನ್ನೆಷ್ಟು ದಿನ ಇದೆ ಅನ್ನುವುದು. ಬಿಜಿ ಮಾರ್ಚ್ 31ಕ್ಕೆ ಮುಗಿಯುತ್ತದೆ, ಕ್ಲೇಮ್ ಜೂನ್ 30ರವರೆಗೆ ಅಂತಿದ್ದರೆ, ಮಾರ್ಚ್‌ನಲ್ಲಿ ಕೆಲಸ ಬಿಟ್ಟು ಹೋದವರ ಮೇಲೆ ಜೂನ್‌ವರೆಗೆ ಕೇಳಬಹುದು. ಏಪ್ರಿಲ್‌ನಲ್ಲಿ ಬಿಟ್ಟು ಹೋದರೆ ಇಲ್ಲ.

ಇಲ್ಲಿ ಮೂರನೆಯದೂ ಒಂದಿದೆ. ಸರಿಯಾಗಿ ಕೇಳಿದರೂ ಬ್ಯಾಂಕ್ ಕೊಡದಿದ್ದರೆ ಬ್ಯಾಂಕಿನ ಮೇಲೆ ಕೋರ್ಟಿಗೆ ಹೋಗಲು ಇರುವ ಸಮಯ. ಸಾಮಾನ್ಯರಿಗೆ 3 ವರ್ಷ, ಸರ್ಕಾರಕ್ಕೆ 30 ವರ್ಷ. ಅಷ್ಟು ಕಾಲ ತಲೆಯ ಮೇಲೆ ಹೊರೆ ಇಟ್ಟುಕೊಳ್ಳಲು ಬ್ಯಾಂಕುಗಳಿಗೆ ಇಷ್ಟವಿಲ್ಲ. 2013ರಲ್ಲಿ ಜಾರಿಗೆ ಬಂದ ತಿದ್ದುಪಡಿ ಒಪ್ಪಂದ ಕಾಯ್ದೆಯ 28ನೇ ಕಲಮಿಗೆ ಮೂರನೇ ವಿನಾಯಿತಿ ಸೇರಿಸಿತು. ಒಂದು ವರ್ಷಕ್ಕಿಂತ ಕಡಿಮೆ ಇಲ್ಲದ ಅವಧಿ ಗೊತ್ತುಮಾಡಿ, ಅದು ಮುಗಿದರೆ ಹಕ್ಕೂ ಮುಗಿಯಿತು ಎಂದು ಬ್ಯಾಂಕ್ ಬರೆದುಕೊಳ್ಳಬಹುದು.

ಬ್ಯಾಂಕುಗಳು ಇದನ್ನು ಕ್ಲೇಮ್ ಪೀರಿಯಡ್ಡೇ ಕನಿಷ್ಠ ಒಂದು ವರ್ಷ ಇರಬೇಕು ಅಂತ ಓದಿಕೊಂಡವು. ಆ 12 ತಿಂಗಳಿಗೂ ಕಮಿಷನ್ ಹಾಕಿದವು. ಮೇಲಿನ ಲೆಕ್ಕದಲ್ಲಿ 32 ತಿಂಗಳು 44 ಆಗುತ್ತದೆ, 63,000 ಹೋಗಿ ಸುಮಾರು 86,500 ಆಗುತ್ತದೆ. ಎಲ್ ಅಂಡ್ ಟಿ ಇದರ ವಿರುದ್ಧ ಪಂಜಾಬ್ ನ್ಯಾಷನಲ್ ಬ್ಯಾಂಕ್ ಮೇಲೆ ಹೋಯಿತು. 2021ರ ಜುಲೈನಲ್ಲಿ ದೆಹಲಿ ಹೈಕೋರ್ಟ್, ಆ ಒಂದು ವರ್ಷ ಕೋರ್ಟಿಗೆ ಹೋಗುವ ಸಮಯಕ್ಕೆ ಸಂಬಂಧಿಸಿದ್ದು, ಕ್ಲೇಮ್ ಪೀರಿಯಡ್‌ಗೆ ಅಲ್ಲ ಎಂದು ಹೇಳಿತು. ನಿಮ್ಮ ಬ್ರಾಂಚಿನಲ್ಲಿ ಇನ್ನೂ ಹಳೇ ರಾಗ ಹಾಡಿದರೆ ಈ ತೀರ್ಪಿನ ಪ್ರತಿ ಮುಂದಿಡಿ.

ಕೆಲಸ ತಡವಾಗಿದೆ, ಬಿಜಿ ಮುಂದಿನ ವಾರ ಮುಗಿಯುತ್ತದೆ. ಏನು ಮಾಡಲಿ?

ಕಂಟ್ರಾಕ್ಟರ್ ಆಗಿದ್ದರೆ ಇವತ್ತೇ ಬ್ಯಾಂಕಿಗೆ ಹೋಗಿ ವಿಸ್ತರಣೆ ಮಾಡಿಸಿ. ಮಾಡಿಸದಿದ್ದರೆ ಎದುರಿನವರು ‘ವಿಸ್ತರಿಸಿ, ಇಲ್ಲವಾದರೆ ದುಡ್ಡು ಕೊಡಿ’ ಎಂದು ಬ್ಯಾಂಕಿಗೆ ಬರೆಯುತ್ತಾರೆ. ಬೇಕೆಂದೇ ಬರೆಯುವುದಲ್ಲ, ಅವರಿಗೂ ಬೇರೆ ದಾರಿ ಇಲ್ಲ.

ಕೆಲಸ ಮಾಡಿಸುವವರಾಗಿದ್ದರೆ ಒಂದು ರಿಜಿಸ್ಟರ್ ಇಡಿ. ಬಿಜಿ ನಂಬರ್, ಬ್ರಾಂಚ್, ಮೊತ್ತ, ಮುಗಿಯುವ ದಿನ, ಕ್ಲೇಮ್ ದಿನ. ಮುಗಿಯುವ ದಿನಕ್ಕೆ ಎರಡು ತಿಂಗಳು ಮುಂಚೆಯೇ ನೆನಪು ಬರುವ ಹಾಗೆ ಇರಲಿ. ಬೀರುವಿನಲ್ಲಿ ಭದ್ರವಾಗಿ ಇಟ್ಟ ಬಿಜಿ, ತೆಗೆದು ನೋಡುವಷ್ಟರಲ್ಲಿ ಅವಧಿ ಮುಗಿದಿರುವುದು ನೀವಂದುಕೊಂಡಷ್ಟು ಅಪರೂಪವಲ್ಲ.

ಇನ್ವೋಕ್ ಮಾಡುವ, ಅಂದರೆ ಗ್ಯಾರಂಟಿ ದುಡ್ಡು ಕೇಳುವ ಪತ್ರ ಹೇಗಿರಬೇಕು?

ಚಿಕ್ಕದಾಗಿರಬೇಕು. ಸೈಟಿನ ರಾಮಾಯಣ ಎಲ್ಲ ಬರೆಯಬೇಡಿ. ಅಲ್ಲಿ ನೀವು ಹೇಳಿದ ಯಾವುದೋ ಒಂದು ಮಾತೇ ಆಮೇಲೆ ಕಂಟ್ರಾಕ್ಟರ್ ವಕೀಲರ ಕೈಗೆ ಸಿಗುತ್ತದೆ. ಇಷ್ಟು ಸಾಕು:

‘ನಿಮ್ಮ ಬ್ಯಾಂಕ್ ಇಂಥ ದಿನಾಂಕದಂದು ನೀಡಿದ ಇಂಥ ಸಂಖ್ಯೆಯ ಗ್ಯಾರಂಟಿಯ ಮೇರೆಗೆ ಈ ಪತ್ರ. ಕಂಟ್ರಾಕ್ಟರ್ ಒಪ್ಪಂದದ ಷರತ್ತುಗಳನ್ನು ಉಲ್ಲಂಘಿಸಿದ್ದಾರೆ. ಗ್ಯಾರಂಟಿಯ ಇಂಥ ಕಂಡಿಕೆಯಂತೆ ರೂ. 10,00,000ವನ್ನು ಈ ಕೆಳಗಿನ ಖಾತೆಗೆ ಕೂಡಲೇ ಜಮಾ ಮಾಡಿ.’

ಉಲ್ಲಂಘನೆ ಬಗ್ಗೆ ಗ್ಯಾರಂಟಿಯಲ್ಲಿ ಯಾವ ಮಾತು ಇದೆಯೋ ಅದೇ ಮಾತು ಪತ್ರದಲ್ಲೂ ಇರಲಿ. ಸಹಿ ಹಾಕುವವರು ಗ್ಯಾರಂಟಿಯಲ್ಲಿ ಹೇಳಿದ ಹುದ್ದೆಯವರೇ ಆಗಿರಲಿ. ಗ್ಯಾರಂಟಿ ಕೊಟ್ಟ ಬ್ರಾಂಚಿಗೇ ಕೊಡಿ, ಸೀಲು ಹಾಕಿ ಸಮಯ ಬರೆದ ಸ್ವೀಕೃತಿ ತೆಗೆದುಕೊಳ್ಳಿ. ಬ್ರಾಂಚ್ ಬೇರೆ ಊರಿನಲ್ಲಿದ್ದರೆ ಕೊನೇ ದಿನದವರೆಗೆ ಕಾಯುವ ಧೈರ್ಯ ಮಾಡಬೇಡಿ. ಇದಕ್ಕಾಗಿಯೇ, ಬೆಂಗಳೂರಿನ ಬ್ರಾಂಚಿನಲ್ಲಿ ಇನ್ವೋಕ್ ಮಾಡಲು ಬರುವಂಥ ಬಿಜಿಯೇ ಬೇಕು ಅಂತ ಟೆಂಡರ್‌ನಲ್ಲಿ ಬರೆಯುವುದು ಒಳ್ಳೆಯದು.

ಕಂಟ್ರಾಕ್ಟರ್ ಕೋರ್ಟಿನಿಂದ ಸ್ಟೇ ತಂದರೆ?

ತರಲು ನೋಡುತ್ತಾರೆ. ಮಧ್ಯಸ್ಥಿಕೆ ಷರತ್ತು ಇದ್ದರೆ 1996ರ ಮಧ್ಯಸ್ಥಿಕೆ ಕಾಯ್ದೆಯ 9ನೇ ಕಲಂ ಅಡಿ ಅರ್ಜಿ ಹಾಕುತ್ತಾರೆ. ಆದರೆ ಸಿಗುವುದು ಕಷ್ಟ. ಬಿಜಿ ಅನ್ನುವುದು ಬ್ಯಾಂಕ್ ಮತ್ತು ಕೆಲಸ ಮಾಡಿಸುವವರ ನಡುವಿನ ಪ್ರತ್ಯೇಕ ಒಪ್ಪಂದ. ಕಂಟ್ರಾಕ್ಟರ್ ಜೊತೆಗಿನ ಜಗಳ ಅದಕ್ಕೆ ಅಂಟುವುದಿಲ್ಲ. ಸಿಂಗ್ ಕನ್ಸಲ್ಟೆಂಟ್ಸ್ ಮೊಕದ್ದಮೆಯಿಂದ ಹಿಡಿದು, ಅಂದರೆ 1980ರ ದಶಕದಿಂದ, ಸುಪ್ರೀಂ ಕೋರ್ಟ್ ಇದನ್ನೇ ಹೇಳುತ್ತಾ ಬಂದಿದೆ. ಕೇಳಿದ ಪತ್ರ ಸರಿಯಾಗಿದ್ದರೆ ತಡೆ ಕೊಡುವುದು ಎರಡೇ ಕಾರಣಕ್ಕೆ: ಗ್ಯಾರಂಟಿಯ ಬುಡಕ್ಕೇ ತಗಲುವಂಥ ಘೋರ ವಂಚನೆ, ಇಲ್ಲವೇ ಆಮೇಲೆ ಯಾವ ರೀತಿಯಲ್ಲೂ ಸರಿಪಡಿಸಲಾಗದ ನಷ್ಟ.

‘ನನಗೆ ಬಿಲ್ ಬಾಕಿ ಇದೆ’, ‘ತಡವಾದದ್ದು ಅವರಿಂದಲೇ’ ಅನ್ನುವುದು ಇವೆರಡರಲ್ಲೂ ಬರುವುದಿಲ್ಲ. ಸರಿಪಡಿಸಲಾಗದ ನಷ್ಟಕ್ಕೆ ನಮ್ಮ ಕೋರ್ಟುಗಳು ಕೊಡುವ ಉದಾಹರಣೆ ನೋಡಿ: 1979ರ ಇರಾನ್ ಕ್ರಾಂತಿಯ ನಂತರ, ಅಲ್ಲಿನ ಸರ್ಕಾರಕ್ಕೆ ಗ್ಯಾರಂಟಿ ಕೊಟ್ಟಿದ್ದ ಅಮೆರಿಕದ ಐಟೆಕ್ ಕಂಪನಿಗೆ, ದುಡ್ಡು ಹೋದರೆ ಇರಾನ್ ಕೋರ್ಟಿನಲ್ಲಿ ವಾಪಸ್ ಪಡೆಯುವ ದಾರಿಯೇ ಇರಲಿಲ್ಲ. ನಿಮ್ಮ ಎದುರು ಪಾರ್ಟಿ ಆಫೀಸ್ ಕೆ.ಆರ್. ಸರ್ಕಲ್‌ನಲ್ಲೇ ಇರುವಾಗ ಈ ವಾದ ನಿಲ್ಲುವುದಿಲ್ಲ ಅಲ್ವಾ?

ಲಂಡನ್ನಿನಲ್ಲೂ ಹೀಗೇ ಆಗಿದೆ. 1977ರ ಎಡ್ವರ್ಡ್ ಓವನ್ ಮೊಕದ್ದಮೆಯಲ್ಲಿ ಲಿಬಿಯಾದ ಖರೀದಿದಾರರು ತಾವು ಕೊಡಬೇಕಿದ್ದ ಲೆಟರ್ ಆಫ್ ಕ್ರೆಡಿಟ್ (ಸರಕಿನ ದುಡ್ಡು ಬ್ಯಾಂಕ್ ಕೊಡುತ್ತದೆ ಅನ್ನುವ ಪತ್ರ) ಅನ್ನೇ ಸರಿಯಾಗಿ ಕೊಟ್ಟಿರಲಿಲ್ಲ. ಗಾಜಿನ ಮನೆ ಪೂರೈಸಬೇಕಿದ್ದ ಇಂಗ್ಲಿಷ್ ಕಂಪನಿಯದು ಏನೂ ತಪ್ಪು ಕಾಣುತ್ತಿರಲಿಲ್ಲ. ಆದರೂ ಬ್ಯಾಂಕ್ ಕೊಡಲೇಬೇಕು ಎಂದಿತು ಅಲ್ಲಿನ ಮೇಲ್ಮನವಿ ಕೋರ್ಟ್. ಕಂಟ್ರಾಕ್ಟರ್‌ಗಳು ಇದನ್ನು ಓದಿ ಬೇಜಾರಾಗುವುದು ಸಹಜ. ಸಹಿ ಹಾಕುವ ಮುಂಚೆ ಬೇಜಾರಾದರೆ ಉಪಯೋಗಕ್ಕೆ ಬರುತ್ತದೆ.

ಬ್ಯಾಂಕಿಗೆ ಕೊಟ್ಟ ಪತ್ರ ಗ್ಯಾರಂಟಿಯ ಒಕ್ಕಣೆಗೆ ಹೊಂದದಿದ್ದರೆ ಮಾತ್ರ ಕಂಟ್ರಾಕ್ಟರ್‌ಗೆ ಗಟ್ಟಿ ಪಾಯಿಂಟ್ ಸಿಗುತ್ತದೆ. ವಕೀಲರು ಮೊದಲು ನೋಡುವುದೂ ಅದನ್ನೇ.

ನಗದು ಮಾಡಿಕೊಂಡ ದುಡ್ಡು ಪೂರ್ತಿ ನಮ್ಮದೇನಾ?

ಸದ್ಯಕ್ಕೆ ಕೈಗೆ ಬಂತು, ಅಷ್ಟೇ. ಲೆಕ್ಕ ಆಮೇಲೆ ನಡೆಯುತ್ತದೆ. ಕಂಟ್ರಾಕ್ಟರ್ ಮಧ್ಯಸ್ಥಿಕೆಗೆ ಹೋಗಿ, ಇನ್ವೋಕ್ ಮಾಡಿದ್ದು ತಪ್ಪು ಅಂತ ತೋರಿಸಿದರೆ ಬಡ್ಡಿ ಸಮೇತ ವಾಪಸ್ ಕೊಡಬೇಕಾಗಬಹುದು. ಒಪ್ಪಂದ ಕಾಯ್ದೆಯ 74ನೇ ಕಲಂ ಪ್ರಕಾರ ನ್ಯಾಯಯುತವಾದ ಪರಿಹಾರವಷ್ಟೇ ಸಿಗುವುದು. 2015ರ ಕೈಲಾಶ್ ನಾಥ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ನಷ್ಟವೇ ಆಗದಿದ್ದರೆ ಠೇವಣಿ ನುಂಗುವ ಹಾಗಿಲ್ಲ ಎಂದಿದೆ. ಅದು ದೆಹಲಿಯ ನಿವೇಶನ ಹರಾಜಿನ ಪ್ರಕರಣ. ಕಟ್ಟಡ ಗುತ್ತಿಗೆಯ ವಾದಗಳಲ್ಲೂ ಅದನ್ನು ಎತ್ತುತ್ತಾರೆ.

ಹಾಗಾಗಿ ಇನ್ವೋಕ್ ಮಾಡಿದ ದಿನವೇ ಸೈಟಿನ ಅಳತೆ ತೆಗೆಸಿ. ಫೋಟೊ, ಎಂಬಿ (ಅಳತೆ ಪುಸ್ತಕ), ಉಳಿದ ಕೆಲಸದ ಪಟ್ಟಿ, ಹೊಸ ಕಂಟ್ರಾಕ್ಟರ್ ಕೊಟ್ಟ ದರ. ಇಷ್ಟಿದ್ದರೆ ನಷ್ಟ ಎಷ್ಟು ಅಂತ ತೋರಿಸಬಹುದು.

ಬಿಜಿ ದುಡ್ಡಿನಲ್ಲಿ ಉಳಿದ ಕೆಲಸ ಮುಗಿಯುತ್ತದಾ?

ಬಹಳ ಸಲ ಮುಗಿಯುವುದಿಲ್ಲ. ಈಜಿಪುರ ಮೇಲ್ಸೇತುವೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. 2017ರಲ್ಲಿ ಶುರುವಾಯಿತು, 2022ರಲ್ಲಿ ಗುತ್ತಿಗೆ ರದ್ದಾಯಿತು, ಮತ್ತೆ ಟೆಂಡರ್ ಕರೆದು ಬೇರೆಯವರಿಗೆ ಕೊಡುವಷ್ಟರಲ್ಲಿ 2023. ಅಷ್ಟು ವರ್ಷ ಕೋರಮಂಗಲದಲ್ಲಿ ಬರೀ ಕಂಬಗಳನ್ನು ನೋಡಿಕೊಂಡು ಸಿಗ್ನಲ್‌ನಲ್ಲಿ ನಿಂತವರ ಸಮಯಕ್ಕೆ ಯಾವ ಗ್ಯಾರಂಟಿಯೂ ಬೆಲೆ ಕಟ್ಟುವುದಿಲ್ಲ. ಮಧ್ಯದಲ್ಲಿ ನಿಂತ ಕೆಲಸಕ್ಕೆ ಬರುವ ಹೊಸಬರು ಹಳೇ ದರಕ್ಕೆ ಬರುವುದೂ ಇಲ್ಲ. ಸಿಮೆಂಟು, ಕಬ್ಬಿಣ, ಕೂಲಿ ಏರಿರುತ್ತದೆ. ಹಳಬರು ಮಾಡಿದ ಕೆಲಸದ ಹೊಣೆ ಹೊರಲು ಅವರು ಇನ್ನಷ್ಟು ಕೇಳುತ್ತಾರೆ. ಶೇ 5 ಅನ್ನುವುದು ಈ ವ್ಯತ್ಯಾಸದ ಒಂದು ಪಾಲು ಮಾತ್ರ.

ಅಮೆರಿಕದಲ್ಲಿ ಬೇರೆ ಪದ್ಧತಿ. 1935ರ ಮಿಲ್ಲರ್ ಕಾಯ್ದೆಯಿಂದ ಅಲ್ಲಿನ ಕೇಂದ್ರ ಸರ್ಕಾರದ ಕಟ್ಟಡ ಕೆಲಸಗಳಿಗೆ ಬಾಂಡ್ ಕಡ್ಡಾಯ. ಸಾಮಾನ್ಯವಾಗಿ ಗುತ್ತಿಗೆಯ ಪೂರ್ತಿ ಮೊತ್ತಕ್ಕೇ ತೆಗೆದುಕೊಳ್ಳುತ್ತಾರೆ. ಅದನ್ನು ಕೊಡುವುದು ಶ್ಯೂರಿಟಿ ಕಂಪನಿ, ಅಂದರೆ ಹೊಣೆ ನಿಲ್ಲುವುದನ್ನೇ ವ್ಯವಹಾರ ಮಾಡಿಕೊಂಡ ಕಂಪನಿ. ಕಂಟ್ರಾಕ್ಟರ್ ಕೈಬಿಟ್ಟರೆ ಆ ಕಂಪನಿ ತಾನೇ ಬೇರೆಯವರನ್ನು ಹಿಡಿದು ಕೆಲಸ ಮುಗಿಸಬಹುದು, ಅಥವಾ ದುಡ್ಡು ಕಟ್ಟಬಹುದು. ಆದರೆ ಕೇಳಿದ ತಕ್ಷಣ ಕೊಡುವುದಿಲ್ಲ, ತಪ್ಪು ಯಾರದು ಅಂತ ವಿಚಾರಿಸುತ್ತದೆ.

ಹಾಗಾದರೆ ನಮ್ಮಲ್ಲಿ ಬಂದಿರುವ ಇನ್ಶೂರೆನ್ಸ್ ಶ್ಯೂರಿಟಿ ಬಾಂಡ್ ಅದೇನಾ?

ಹೆಸರು ಅದೇ, ನಡವಳಿಕೆ ಬಿಜಿಯದ್ದೇ. ವಿಮಾ ನಿಯಂತ್ರಣ ಪ್ರಾಧಿಕಾರದ ಮಾರ್ಗಸೂಚಿ 2022ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದೇ ವರ್ಷ ಕೇಂದ್ರ ಸರ್ಕಾರ ತನ್ನ ಖರೀದಿಗಳಲ್ಲಿ ಬಿಜಿ ಬದಲು ಇದನ್ನೂ ಒಪ್ಪಬಹುದು ಎಂದಿತು. 2022ರ ಡಿಸೆಂಬರ್‌ನಲ್ಲಿ ಮೊದಲ ಪಾಲಿಸಿ ಬಿಡುಗಡೆಯಾಯಿತು. ಕಂಟ್ರಾಕ್ಟರ್‌ಗೆ ಇದರ ಅನುಕೂಲ, ಬ್ಯಾಂಕ್ ಲಿಮಿಟ್ ಖಾಲಿಯಾಗುವುದಿಲ್ಲ. ಆದರೆ ವಿಮಾ ಕಂಪನಿ ನಿಮ್ಮ ಬ್ಯಾಲೆನ್ಸ್ ಶೀಟ್ ಜಾಲಾಡುತ್ತದೆ. ಸಣ್ಣ ಕಂಟ್ರಾಕ್ಟರ್‌ಗೆ ಸದ್ಯಕ್ಕೆ ಬಿಜಿಯೇ ಹತ್ತಿರದ ದಾರಿ ಅಂತ ನನ್ನ ಅನಿಸಿಕೆ. ಕೊಡುವ ಮುಂಚೆ ನಿಮ್ಮ ಟೆಂಡರ್ ಇದನ್ನು ಒಪ್ಪುತ್ತದಾ ನೋಡಿ.

ಕಂಟ್ರಾಕ್ಟರ್ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರೆ ಬಿಜಿ ಸತ್ತುಹೋಗುತ್ತದಾ?

ಇಲ್ಲ. ದಿವಾಳಿ ಸಂಹಿತೆಯ 14ನೇ ಕಲಂ ಹೇರುವ ತಡೆ ಕಂಪನಿಯ ಮೇಲೆ. ಕಂಪನಿ ಪರವಾಗಿ ಗ್ಯಾರಂಟಿ ಕೊಟ್ಟ ಬ್ಯಾಂಕಿಗೆ ಅದು ಅನ್ವಯಿಸುವುದಿಲ್ಲ ಎಂದು 2018ರ ತಿದ್ದುಪಡಿ ಬಿಡಿಸಿ ಹೇಳಿದೆ. ಪತ್ರ ಕೊಡಿ, ತಡ ಮಾಡಬೇಡಿ.

ತಂದುಕೊಟ್ಟ ಬಿಜಿ ಅಸಲಿಯೋ ನಕಲಿಯೋ ಹೇಗೆ ಗೊತ್ತಾಗುತ್ತದೆ?

ಕಾಗದ ನೋಡಿ ಗೊತ್ತಾಗುವುದಿಲ್ಲ. ಲೆಟರ್‌ಹೆಡ್, ಸೀಲು, ಸ್ಟಾಂಪ್ ಪೇಪರ್ ಎಲ್ಲ ಚೆನ್ನಾಗಿಯೇ ಇರುತ್ತದೆ. ಬಿಜಿ ಕೊಟ್ಟ ಬ್ಯಾಂಕ್ ನಿಮ್ಮ ಬ್ಯಾಂಕಿಗೆ ಎಸ್‌ಎಫ್‌ಎಂಎಸ್ (ಬ್ಯಾಂಕುಗಳ ನಡುವಿನ ಸುರಕ್ಷಿತ ಸಂದೇಶ ವ್ಯವಸ್ಥೆ) ಮೂಲಕ ಸಂದೇಶ ಕಳಿಸಬೇಕು. ಅದಕ್ಕೆ ನಿಮ್ಮ ಖಾತೆಯ ಐಎಫ್‌ಎಸ್‌ಸಿ ಕೋಡ್ ಅನ್ನು ಕಂಟ್ರಾಕ್ಟರ್‌ಗೆ ಮೊದಲೇ ಕೊಟ್ಟಿರಬೇಕು. ಆ ಸಂದೇಶ ಬಂದಿದೆ ಎಂದು ನಿಮ್ಮ ಬ್ಯಾಂಕ್ ಬರೆದುಕೊಡುವವರೆಗೆ ಅಗ್ರಿಮೆಂಟ್‌ಗೆ ಸಹಿ ಹಾಕಬೇಡಿ, ಮುಂಗಡವನ್ನಂತೂ ಬಿಡಲೇಬೇಡಿ. ಬಿಜಿಯ ಮೇಲೆ ಅಚ್ಚಾದ ಫೋನ್ ನಂಬರಿಗೆ ಕರೆ ಮಾಡಿ ಖಚಿತಪಡಿಸಿಕೊಂಡೆ ಅನ್ನುವವರಿದ್ದಾರೆ. ನಕಲಿ ಮಾಡಿದವರೇ ಆ ನಂಬರನ್ನೂ ಹಾಕಿರುತ್ತಾರೆ.

ಈಗ ಇ-ಬಿಜಿ ಬಂದಿದೆ, 2022ರಿಂದ. ಕಾಗದವೇ ಇಲ್ಲ, ಹಣಕಾಸು ದಾಖಲೆಗಳನ್ನು ಇಡುವ ಎನ್‌ಇಎಸ್‌ಎಲ್ ಸಂಸ್ಥೆಯ ಪೋರ್ಟಲ್‌ನಲ್ಲಿ ದಾಖಲಾಗುತ್ತದೆ. ನಕಲಿ ಭಯಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ನಮ್ಮ ಅಪಾರ್ಟ್‌ಮೆಂಟ್‌ಗೆ ವಾಟರ್‌ಪ್ರೂಫಿಂಗ್, ಪೇಂಟಿಂಗ್ ಮಾಡಿಸಬೇಕು. 60 ಲಕ್ಷದ ಕೆಲಸ. ಬಿಜಿ ಕೇಳೋಣವಾ?

ಕೇಳಿ, ಆದರೆ ಅದರ ಮೇಲೆಯೇ ಪೂರ್ತಿ ಭಾರ ಹಾಕಬೇಡಿ. ಶೇ 5ರ ಬಿಜಿ 3 ಲಕ್ಷ. ವಾಟರ್‌ಪ್ರೂಫಿಂಗ್ ಚೆನ್ನಾಗಿದೆಯೋ ಇಲ್ಲವೋ ಗೊತ್ತಾಗುವುದು ಮಳೆಗಾಲದಲ್ಲಿ. ಡಿಸೆಂಬರ್‌ನಲ್ಲಿ ಕೆಲಸ ಮುಗಿದು ಮೇ ತಿಂಗಳಿಗೆ ಬಿಜಿ ಮುಗಿದರೆ ಆ ಕಾಗದದಿಂದ ಏನೂ ಉಪಯೋಗವಿಲ್ಲ. ಬೆಂಗಳೂರಿನಲ್ಲಿ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಕನಿಷ್ಠ ಒಂದು ಪೂರ್ತಿ ಮಳೆಗಾಲ ದಾಟಿ ನವೆಂಬರ್ ಕೊನೆವರೆಗಾದರೂ ಅವಧಿ ಇರಲಿ. ಬಿಜಿ ಸಂಘದ ನೋಂದಾಯಿತ ಹೆಸರಿನಲ್ಲಿರಲಿ. ಕಾರ್ಯದರ್ಶಿಯ ಸ್ವಂತ ಹೆಸರು ಬೇಡ. ಮುಂದಿನ ವರ್ಷ ಕಮಿಟಿ ಬದಲಾಗುತ್ತದೆ.

ಜೊತೆಗೆ ಪ್ರತಿ ಬಿಲ್ಲಿನಲ್ಲೂ ಶೇ 5 ಹಿಡಿದಿಡಿ. ಕೈಯಲ್ಲಿರುವ ದುಡ್ಡಿಗೆ ಬ್ಯಾಂಕೂ ಬೇಡ, ಪತ್ರವೂ ಬೇಡ.

30-40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ಮೇಸ್ತ್ರಿ ಹತ್ತಿರ ಬಿಜಿ ಕೇಳಬಹುದಾ?

ಕೇಳಬಹುದು, ಕೊಡುವುದಿಲ್ಲ. ಮನೆ ಕೆಲಸಕ್ಕೆ ಬಿಜಿ ನಡೆಯುವುದಿಲ್ಲ. ಒಂದೇ ಮಾತು: ನೀವು ಕೊಟ್ಟ ದುಡ್ಡು ಯಾವಾಗಲೂ ಆದ ಕೆಲಸಕ್ಕಿಂತ ಒಂದು ಹೆಜ್ಜೆ ಹಿಂದೆ ಇರಲಿ. ಮೋಲ್ಡ್ ಹಾಕಿ ಸೆಂಟ್ರಿಂಗ್ ಬಿಚ್ಚಿದ ಮೇಲೆ ಆ ಹಂತದ ದುಡ್ಡು, ಮುಂಚೆ ಅಲ್ಲ. ಕೊನೆಯ ಶೇ 5ರಿಂದ 10 ಅನ್ನು ಗೃಹಪ್ರವೇಶ ಆಗಿ ಒಂದು ಮಳೆಗಾಲ ಕಳೆದ ಮೇಲೆ ಕೊಡುವ ಹಾಗೆ ಮೊದಲೇ ಬರೆದುಕೊಳ್ಳಿ.

ಬಿಲ್ಡರ್ ಹತ್ತಿರ ಫ್ಲ್ಯಾಟ್ ತಗೊಂಡಿದ್ದೇನೆ. ನನಗೆ ಇಂಥ ಗ್ಯಾರಂಟಿ ಇದೆಯಾ?

ಇಲ್ಲ. ನಿಮಗಿರುವುದು 2016ರ ರೇರಾ ಕಾಯ್ದೆ. ಖರೀದಿದಾರರಿಂದ ಬಂದ ದುಡ್ಡಿನಲ್ಲಿ ಶೇ 70 ಅನ್ನು ಆ ಯೋಜನೆಗೆಂದೇ ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ ಬಿಲ್ಡರ್ ತಮ್ಮ ಖರ್ಚಿನಲ್ಲಿ ಸರಿಪಡಿಸಬೇಕು. ಬಿಲ್ಡರ್‌ಗೆ ಅವರ ಕಂಟ್ರಾಕ್ಟರ್ ಕೊಟ್ಟ ಬಿಜಿ ಇರಬಹುದು, ಅದರಲ್ಲಿ ನಿಮಗೆ ಪಾಲಿಲ್ಲ.

ಕಂಟ್ರಾಕ್ಟರ್ ನನಗೆ, ಅಂದರೆ ಸಬ್ ಕಂಟ್ರಾಕ್ಟರ್‌ಗೆ, ದುಡ್ಡು ಕೊಡದೆ ಹೋದ. ಬಿಜಿಯಿಂದ ಸಿಗುತ್ತದಾ?

ಸಿಗುವುದಿಲ್ಲ. ಅಮೆರಿಕದಲ್ಲಿ ಇದಕ್ಕೆಂದೇ ಬೇರೆ ಪೇಮೆಂಟ್ ಬಾಂಡ್ ಇದೆ, ನಮ್ಮಲ್ಲಿ ಆ ರೂಢಿ ಇಲ್ಲ. ಕಾರ್ಮಿಕರ ಕೂಲಿ ಬಾಕಿಯಾದರೆ ಮಾತ್ರ ಕಾರ್ಮಿಕ ಕಾನೂನು ಕೆಲಸ ಮಾಡಿಸುವವರ ಮೇಲೂ ಹೊಣೆ ಹಾಕುತ್ತದೆ.

ಕೆಲಸ ಮುಗಿದು ವರ್ಷವಾಯಿತು, ಬಿಜಿ ವಾಪಸ್ ಕೊಡುತ್ತಿಲ್ಲ. ಏನು ಮಾಡುವುದು?

ಮೊದಲು ಕೆಲಸ ಮುಗಿದ ಪ್ರಮಾಣಪತ್ರ ನಿಮ್ಮ ಹತ್ತಿರ ಇದೆಯಾ ನೋಡಿ. ಡಿಎಲ್‌ಪಿ ಎಣಿಕೆ ಶುರುವಾಗುವುದು ಅದರಲ್ಲಿನ ತಾರೀಖಿನಿಂದ. ಎಷ್ಟೋ ಕಂಟ್ರಾಕ್ಟರ್‌ಗಳು ಕೊನೇ ಬಿಲ್ ಬಂದ ಖುಷಿಯಲ್ಲಿ ಈ ಪತ್ರ ಕೇಳುವುದನ್ನೇ ಮರೆಯುತ್ತಾರೆ. ಡಿಎಲ್‌ಪಿ ಮುಗಿದ ಮರುದಿನವೇ ಜಂಟಿ ಪರಿಶೀಲನೆಗೆ ಬನ್ನಿ ಎಂದು ಬರೆದು ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ. ಬಿರುಕು, ಸೋರಿಕೆ ಅಂತ ಪಟ್ಟಿ ಕೊಟ್ಟರೆ ಸರಿ ಮಾಡಿ, ಫೋಟೊ ಸಮೇತ ಮತ್ತೆ ಬರೆಯಿರಿ. ಬಾಯಿ ಮಾತಿನ ‘ಆಯ್ತು, ನೋಡೋಣ’ಕ್ಕೆ ಬೆಲೆ ಇಲ್ಲ.

ಒರಿಜಿನಲ್ ಬಿಜಿ ಫೈಲಿನಲ್ಲಿ ಸಿಗುತ್ತಿಲ್ಲ ಅಂದರೆ ಹೊಣೆ ಬಿಡುಗಡೆ ಮಾಡಿದ್ದೇವೆ ಎಂದು ಬ್ಯಾಂಕಿಗೆ ಒಂದು ಪತ್ರ ಬರೆಸಿಕೊಳ್ಳಿ. ಒರಿಜಿನಲ್ ಅಥವಾ ಆ ಪತ್ರ, ಎರಡರಲ್ಲಿ ಒಂದು ಕೈಗೆ ಬರುವವರೆಗೆ ಅವಧಿ ಮುಗಿದ ಬಿಜಿಯ ಮಾರ್ಜಿನ್ ಎಫ್‌ಡಿ ಬಿಡಲು ಬ್ರಾಂಚುಗಳು ಹಿಂದೇಟು ಹಾಕುತ್ತವೆ. ಆ ಪತ್ರದ ಪ್ರತಿಯನ್ನು ನೀವೇ ಬ್ಯಾಂಕಿಗೆ ಒಯ್ಯಿರಿ. ಬಿಜಿ ರದ್ದಾಯಿತು, ಲಿಮಿಟ್ ವಾಪಸ್ ಬಂತು ಎಂದು ಬ್ಯಾಂಕಿನಿಂದಲೂ ಬರೆಸಿಕೊಂಡು ಬನ್ನಿ.